ವಂಶದಲ್ಲಿ ದೋಷ

ಬೀದಿಯವರೆಲ್ಲ ಅವಳನ್ನು ಕಾಜಾ ಅಕ್ಕ ಎಂದೇ ಕರೆಯುತ್ತಿದ್ದರು. ಅಂಗಿಯ ಗುಂಡಿಗೆ ಕಾಜಾ ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ, ಮಾತಿನಲ್ಲೂ ಅಷ್ಟೆ. ಅಂಥವಳು ಆ ವಾರವೆಲ್ಲ ಬಾಯಿಗೆ ಬೀಗ ಹಾಕಿಕೊಂಡಿದ್ದಳು.

ಗಂಡ ಹೊಲಿಗೆ ಮಿಷನ್ ರಿಪೇರಿಯವನು. ಎಡಗೈಯಿಂದ ಸ್ಕ್ರೂಗಳು ಜಾರತೊಡಗಿ, ಕೊನೆಗೊಂದು ದಿನ ಅಂಗಡಿಯಲ್ಲೇ ಫಿಟ್ಸ್ ಬಂದು ಬಿದ್ದಿದ್ದ. ಮಿದುಳಿನ ಗಡ್ಡೆಯನ್ನು ಆದಷ್ಟು ತೆಗೆದ ಡಾಕ್ಟರಮ್ಮ, ರಿಪೋರ್ಟ್ ಬಂದಾಗ ಫೋನ್ ಮಾಡಿ, "ವಂಶವಾಹಿಯಲ್ಲಿ ದೋಷ ಕಂಡಿದೆ, ಬನ್ನಿ, ಮಾತಾಡೋಣ" ಎಂದಿದ್ದರು. ಅವರು ಹೇಳಿದ್ದು ಜೀನ್. ಅಕ್ಕನಿಗೆ ಕೇಳಿಸಿದ್ದು ವಂಶ. ಮಗಳೋ ತುಂಬು ಬಸುರಿ.

"ಅಮ್ಮ, ರಿಪೋರ್ಟಲ್ಲಿ ಏನಂತೆ?"

"ಏನೂ ಇಲ್ಲ. ನೀನು ಮೊದಲು ಊಟ ಮಾಡು."

ಮಗಳು ತಲೆನೋವೆಂದು ಹಣೆ ಒತ್ತಿಕೊಂಡರೆ ಸಾಕು, ಅಕ್ಕ ಕೈಯಲ್ಲಿದ್ದ ಸೂಜಿ ಬಿಟ್ಟು ಓಡಿಬರುತ್ತಿದ್ದಳು. ಹೊಟ್ಟೆಯಲ್ಲಿರುವುದಕ್ಕೂ ಅದೇ ಬಂದರೆ? ಹೇಳಿದರೆ ಹುಡುಗಿ ಕುಸಿದುಹೋಗುತ್ತಾಳೆ, ಹೇಳದಿದ್ದರೆ ಮೋಸ. ಗಂಡನ ಮೇಲೂ, ಅವನ ಕಡೆಯವರೆಲ್ಲರ ಮೇಲೂ ಸಿಟ್ಟು ಉಕ್ಕಿತು. ಪಾಪ, ಅವರು ಮಾಡಿದ್ದಾದರೂ ಏನು?

ಡಾಕ್ಟರಮ್ಮನ ಕೋಣೆಯಲ್ಲಿ ಗಂಡನ ಪಕ್ಕ ಕೂರುವ ಮೊದಲೇ ಅಕ್ಕ ಕೇಳಿಬಿಟ್ಟಳು: "ಇದು ಮಗಳಿಗೂ ಬರುತ್ತಾ?"

"ಇಲ್ಲಮ್ಮ. ಇವರು ಹುಟ್ಟಿದಾಗ ಇದು ಇರಲಿಲ್ಲ. ಆಮೇಲೆ ಯಾವಾಗಲೋ ಮಿದುಳಿನ ಒಂದು ಜೀವಕೋಶದಲ್ಲಿ ಆಗಿರೋ ಬದಲಾವಣೆ. ರಕ್ತದಲ್ಲೂ ಹುಡುಕಿದ್ವಿ, ಇಲ್ಲ. ಗಡ್ಡೆಯಲ್ಲಿ ಮಾತ್ರ ಇದೆ. ಮಕ್ಕಳಿಗೆ ಹೋಗಲ್ಲ."

"ಮತ್ತೆ ವಂಶ ಅಂದ್ರಿ?"

ಡಾಕ್ಟರಮ್ಮ ನಾಲಿಗೆ ಕಚ್ಚಿಕೊಂಡರು. "ಆ ಪದಾನೇ ಹಾಗಿದೆ, ನಾನು ಬಿಡಿಸಿ ಹೇಳಬೇಕಿತ್ತು. ಜೀವಕೋಶದ ಮೈಮೇಲೆ ಸಂಕೇತ ಹಿಡಿಯೋ ಭಾಗ ಒಂದಿರುತ್ತೆ. ಬೆಳಿ ಅಂತ ಸಂಕೇತ ಬಂದ್ರೆ ಒಳಗೆ ತಿಳಿಸಿ ಸುಮ್ಮನಾಗುತ್ತೆ. ಇವರ ಗಡ್ಡೆಯಲ್ಲಿ ಆ ಭಾಗದ ಜೀನ್ ಕೆಟ್ಟಿರೋದ್ರಿಂದ ಅದು ಸುಮ್ಮನಾಗ್ತಾ ಇಲ್ಲ. ಯಾರೂ ಹೇಳದಿದ್ರೂ ಬೆಳಿ, ಒಂದು ಎರಡಾಗು ಅಂತಾನೇ ಇರುತ್ತೆ."

"ಕೆಟ್ಟ ಮಿಷನ್ನಲ್ಲಿ ಪೆಡಲಿಂದ ಕಾಲು ತೆಗೆದ್ರೂ ಮೋಟಾರ್ ಓಡ್ತಾನೇ ಇರುತ್ತಲ್ಲ, ಹಾಗೆ" ಎಂದ ಗಂಡ, ಮೆಲ್ಲಗೆ.

ಅಕ್ಕ ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ಹೋದ ಜೀವ ಬಂದಂತಾಗಿ, ಅಲ್ಲೇ ನಿಂತು ಮಗಳಿಗೆ ಫೋನ್ ಹಚ್ಚಿದಳು. ಒಂದು ವಾರ ನುಂಗಿಟ್ಟಿದ್ದೆಲ್ಲ ಒಂದೇ ಉಸಿರಿಗೆ ಹೊರಬಿತ್ತು. "ನಿನಗೇನೂ ಬರಲ್ಲಂತೆ ಕಣೇ, ಮಗೂಗೂ ಬರಲ್ಲಂತೆ" ಎಂದು ನಕ್ಕಳು, ಅತ್ತಳು.

ಆ ಕಡೆಯಿಂದ ಮಗಳು ಕೇಳಿದಳು:

"ಅಪ್ಪಂಗೇನಂತೆ?"

ಅಕ್ಕ ಗಂಡನ ಕಡೆ ತಿರುಗಿದಳು. ಆ ಪ್ರಶ್ನೆಯನ್ನು ಅವಳು ಇನ್ನೂ ಕೇಳಿಯೇ ಇರಲಿಲ್ಲ.