ಊರು ಬದಲಾದರೆ ಫುಟ್‌ಬಾಲೇ ಬೇರೆ

ನಾರ್ತ್ ಸಿಡ್ನಿಯ ಆಫೀಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಚೀನಾದ ಸಹೋದ್ಯೋಗಿಗೆ ಇಂಗ್ಲಿಷ್ ತಿದ್ದುವ ಹೊಣೆಯನ್ನು ನಾನೇ ಮೈಮೇಲೆ ಎಳೆದುಕೊಂಡಿದ್ದೆ. ಗೊತ್ತಿಲ್ಲ ಎನ್ನುವುದು ನಮ್ಮ ವಂಶದಲ್ಲೇ ಇಲ್ಲ. ಆಕೆಯ ಭಾಷೆಯಲ್ಲಿ ಫುಟ್‌ಬಾಲ್ ಎಂದರೆ ಕಾಲಲ್ಲಿ ಒದೆಯುವ ಗುಂಡು ಚೆಂಡು. ಉದ್ದನೆಯ ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ಓಡುವ ಆಟಕ್ಕೆ ಅವರು ಆಲಿವ್ ಕಾಯಿಯ ಚೆಂಡು ಎನ್ನುತ್ತಾರಂತೆ.

“ಅದೆಲ್ಲ ಬಿಡಿ, ಇಲ್ಲಿ ರಗ್ಬಿಗೇ ಫುಟ್‌ಬಾಲ್ ಅನ್ನೋದು,” ಎಂದು ತೀರ್ಪು ಕೊಟ್ಟೆ. ಪಾಪ, ವಾರಾಂತ್ಯದ ಪಂದ್ಯಗಳ ಸುತ್ತಲೇ ನಡೆಯುವ ಸೋಮವಾರದ ಕಾಫಿ ಹರಟೆಗೆಂದು ಆಕೆ ಅದರ ನಿಯಮಗಳನ್ನೆಲ್ಲ ಬಾಯಿಪಾಠ ಮಾಡಿದಳು.

ಆಮೇಲೆ ಕಂಪನಿ ನಮ್ಮಿಬ್ಬರನ್ನೂ ಮೆಲ್ಬರ್ನಿಗೆ ಕಳಿಸಿತು. ಹೊಸಬರನ್ನು ನಾವು “ಯಾವೂರು?” ಎಂದು ಕೇಳುವ ಹಾಗೆ ಅಲ್ಲಿ “ಯಾವ ಟೀಮ್?” ಎಂದು ಕೇಳುತ್ತಾರೆ. ಆಕೆ ಹೆಮ್ಮೆಯಿಂದ ಸಿಡ್ನಿಯ ರಗ್ಬಿ ತಂಡವೊಂದರ ಹೆಸರು ಹೇಳಿದಳು. ಮದುವೆಮನೆಯಲ್ಲಿ ತಿಥಿ ಊಟದ ಮಾತೆತ್ತಿದ ಹಾಗಾಯಿತು. ಅಲ್ಲಿನ ಫುಟ್‌ಬಾಲ್ ರಗ್ಬಿಯೂ ಅಲ್ಲ, ಬೇರೆಯೇ ಆಟವಂತೆ. ಚೆಂಡು ಮಾತ್ರ ಅದೇ ಆಲಿವ್ ಕಾಯಿ. ಆಕೆ ನನ್ನತ್ತ ತಿರುಗಿದಳು. “ನಂದು ಬರೀ ಕ್ರಿಕೆಟ್,” ಎಂದು ನಾನು ಕಪ್ ತೊಳೆಯಲು ಹೋದೆ.

ಈಗಲೂ ನಾನು ಯಾವುದಾದರೂ ಇಂಗ್ಲಿಷ್ ಪದದ ಅರ್ಥ ಹೇಳಿದರೆ ಆಕೆ ಬಸ್ ಪಾಸ್ ಬಗ್ಗೆ ವಿಚಾರಿಸುವವಳಂತೆ ಕೇಳುತ್ತಾಳೆ: “ಈ ಅರ್ಥ ಎಲ್ಲೀವರೆಗೆ ನಡೆಯುತ್ತೆ?”