ಡೈನಮೋ ಮುಚ್ಚಳದ ಒಳಗಿನ ಬರಹ

ಜಗಳೂರಿನ ಮೆಕ್ಯಾನಿಕ್ ಚಿಕ್ಕಹನುಮಂತಪ್ಪನವರನ್ನು ಮೊದಲ ಸಲ ನೋಡಿದಾಗ ನಾನು ಮನಸ್ಸಿನಲ್ಲೇ ಕಟ್ಟಿದ ಬೆಲೆ ತೀರಾ ಕಡಿಮೆ. ಎತ್ತರ ಐದಡಿಯ ಮೇಲೆ ಎರಡು ಬೆರಳು. ಜೇಬಿನ ಸ್ಪ್ಯಾನರುಗಳನ್ನು ತೆಗೆಸಿ ತೂಗಿದರೆ ಒಂದು ಮೂಟೆ ಶೇಂಗಾಕ್ಕೂ ಸಾಲದ ಮೈ. ಎಡಗಣ್ಣು ಸ್ವಲ್ಪ ಓರೆ. ಅಂಗಿಯ ಮೂಲ ಬಣ್ಣ ಯಾವುದೆಂದು ಅದನ್ನು ಒಗೆಯುವ ಅವರ ಹೆಂಡತಿಯೂ ಹೇಳಲಾರರು. ಮಾತಂತೂ ಇಲ್ಲವೇ ಇಲ್ಲ. ವ್ಯಾಪಾರಿಗೆ ಅದು ದೊಡ್ಡ ಐಬು. ಮಾತಾಡದವನ ಜೊತೆ ಚೌಕಾಸಿ ಮಾಡುವುದಾದರೂ ಹೇಗೆ? ಕೈ ಮಾತ್ರ ಒಳ್ಳೆಯ ಮಾಲು. ಬೆರಳ ತುದಿಯಿಂದ ಸಿಲಿಂಡರ್ ಸವರಿ ಎಷ್ಟು ಸವೆದಿದೆ ಎಂದು ಹೇಳುತ್ತಿದ್ದರು, ಆಮೇಲೆ ಅಳೆದರೆ ಅಷ್ಟೇ ಇರುತ್ತಿತ್ತು. ಕೈಯಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ವಾಪಸ್ ಕೊಡುವಂತಿದ್ದರೆ ನಾನು ಅಂದೇ ಕೊಡುತ್ತಿದ್ದೆ.

ಹಳೇ ಮೋಟಾರ್ ಸೈಕಲ್ ಕೊಂಡು ಮಾರುವುದು ನನ್ನ ಕಸುಬು. ಅಂಗಡಿ ಚನ್ನಗಿರಿಯಲ್ಲಿ. ಗಿರಾಕಿಗಳು ಹೊನ್ನಾಳಿ, ನ್ಯಾಮತಿ, ಬಸವಾಪಟ್ಟಣದ ಕಡೆಯವರು. ಮಾಲು ಹೆಚ್ಚಾಗಿ ಜಗಳೂರು ಸೀಮೆಯದು. ಅಲ್ಲಿಯ ಒಣ ಗಾಳಿಯಲ್ಲಿ ತಗಡು ಬೇಗ ತುಕ್ಕು ಹಿಡಿಯುವುದಿಲ್ಲ. ಹಾಗೆ ಕೊಂಡ ಗಾಡಿಗಳನ್ನು ಚಿಕ್ಕಹನುಮಂತಪ್ಪನವರ ತಗಡಿನ ಶೆಡ್ಡಿನಲ್ಲಿ ಬಿಡುತ್ತಿದ್ದೆ. ಪಂಪ್‌ಸೆಟ್ ರಿಪೇರಿ ಅವರ ಹೊಟ್ಟೆಪಾಡು, ಮೋಟಾರ್ ಸೈಕಲ್ ಅವರ ಪ್ರೀತಿ. ಆಗೆಲ್ಲ ನಾನು ಅವರನ್ನು ಏಕವಚನದಲ್ಲೇ ಮಾತಾಡಿಸುತ್ತಿದ್ದೆ.

ಅವರಿಗೊಂದು ವಿಚಿತ್ರ ಅಭ್ಯಾಸವಿತ್ತು. ಯಾವ ಇಂಜಿನ್ ಬಿಚ್ಚಿದರೂ ಮುಚ್ಚುವ ಮುಂಚೆ ಡೈನಮೋ ಮುಚ್ಚಳದ ಹಿಂದೆ, ಇಂಜಿನ್ನಿನ ಗೋಡೆಯ ಮೇಲೆ, ಮೊಳೆಯಿಂದ ಕೆರೆದು ಬರೆಯುತ್ತಿದ್ದರು: ಇಸವಿ, ಊರು, ಮಾಡಿದ ಕೆಲಸ. ಕೆಲಸ ಕೆಟ್ಟಿದ್ದರೆ ಅದನ್ನೂ.

“ಇದನ್ನ ಯಾರು ಓದ್ತಾರಪ್ಪಾ ಹನುಮಂತಪ್ಪ?” ಎಂದು ಒಮ್ಮೆ ಕೇಳಿದೆ.

“ಮುಂದೆ ಬಿಚ್ಚೋನು ಓದ್ತಾನೆ, ಸಾವ್ಕಾರ್ರೇ.”

“ನಿನ್ನ ತಪ್ಪು ನೀನೇ ಬರೆದಿಟ್ರೆ ಅವನಿಗೆ ಬೈಯಾಕೆ ಅನುಕೂಲ ಆಗ್ತೈತೆ, ಅಷ್ಟೇ.”

“ಬೈಯ್ಲಿ ಬಿಡ್ರಿ. ಊರ ಹೆಸರೂ ಬರ್ದೀನಲ್ಲ, ಹುಡುಕ್ಕೊಂಡು ಬಂದು ಬೈಯ್ಲಿ.”

ನಾನು ನಕ್ಕು ಬಿಟ್ಟೆ. ಅಂಗಡಿಯಲ್ಲಿ ಕೂತವರಿಗೂ ಹೇಳಿ ನಗಿಸಿದೆ.

೧೯೭೯ರಲ್ಲಿ ಬಿಳಿಚೋಡಿನ ದುರುಗಕ್ಕನಿಂದ ಒಂದು ಜಾವಾ ಮೋಟಾರ್ ಸೈಕಲ್ಲಿನ ಮೈಯನ್ನಷ್ಟೇ ಕೊಂಡೆ. ಅರವತ್ತನಾಲ್ಕರ ಗಾಡಿ. ಅವಳ ಗಂಡ ಅದರ ಮೇಲೆ ಕೂತು ಎರಡು ಸಲ ಹಳ್ಳಕ್ಕೆ ಬಿದ್ದು, ಇನ್ನು ಮುಟ್ಟುವುದಿಲ್ಲ ಎಂದು ಕುರಿಗಳ ಹಿಂದೆ ಹೋಗಿದ್ದ. ದುರುಗಕ್ಕ ಚಿಕ್ಕಹನುಮಂತಪ್ಪನವರನ್ನು ಕರೆಸಿ ಇಂಜಿನ್ ಇಳಿಸಿ, ಕಣದಲ್ಲಿ ಜೋಳ ತೂರುವ ದೊಡ್ಡ ಫ್ಯಾನಿಗೆ ಕಟ್ಟಿಸಿಕೊಂಡಳು. ಗಾಳಿಗಾಗಿ ಕಾಯುವ ಕೆಲಸ ತಪ್ಪಿತು. “ಮೈ ನೀವು ಒಯ್ರಿ, ಜೀವ ನಂಗಿರ್ಲಿ” ಎಂದು ಉಳಿದದ್ದನ್ನು, ಆರ್‌ಸಿ ಪುಸ್ತಕದ ಸಮೇತ, ನನ್ನ ಟೆಂಪೋಕ್ಕೆ ಹತ್ತಿಸಿದಳು.

ಆ ಮೈ ನನ್ನ ಅಂಗಡಿಯ ಹಿಂದೆ ನಾಲ್ಕು ವರ್ಷ ಒರಗಿಕೊಂಡಿತ್ತು. ಎಂಬತ್ತನಾಲ್ಕರ ಜನವರಿಯಲ್ಲಿ ಒಂದು ಯೆಜ್ಡಿ ಇಂಜಿನ್ ಸಿಕ್ಕಿತು, ಐದಾರು ವರ್ಷದ್ದು. ಕಂಪನಿಯವರು ಜಾವಾ ಹೋಗಿ ಯೆಜ್ಡಿ ಎಂದು ಹೆಸರು ಬದಲಿಸಿದರೂ ಒಂದರ ಇಂಜಿನ್ ಇನ್ನೊಂದರ ಮೈಯಲ್ಲಿ ಹೆಚ್ಚು ತಕರಾರಿಲ್ಲದೆ ಕೂರುತ್ತದೆ. ಚಿಕ್ಕಹನುಮಂತಪ್ಪನವರು ಒಂದೇ ದಿನದಲ್ಲಿ ಕೂರಿಸಿಕೊಟ್ಟರು. ಗಾಡಿ ಚಿಗರೆಯ ಹಾಗೆ ನೆಗೆಯಿತು.

ಅಷ್ಟರಲ್ಲಿ ನಮ್ಮ ಕಡೆ ಮೋಟೋಕ್ರಾಸ್ ಹುಚ್ಚು ಹತ್ತಿತ್ತು. ಗುಂಡಿ, ದಿಬ್ಬ, ಕೆಸರಿನ ಮೇಲೆ ಮೋಟಾರ್ ಸೈಕಲ್ ಓಡಿಸಿ ಹಲ್ಲು ಉದುರಿಸಿಕೊಳ್ಳುವ ಆಟ ಅದು. ಏಪ್ರಿಲ್‌ನಲ್ಲಿ ಜಗಳೂರಿನ ಯುವಕರು ಒಣಗಿದ ಕೆರೆಯಂಗಳದಲ್ಲಿ ಓಟ ಇಟ್ಟರು. ಹಳೇ ಗಾಡಿಗಳಿಗೆಂದೇ ಬೇರೆ ಓಟ. ಅದರ ನಿಯಮವನ್ನು ಸೈಕ್ಲೋಸ್ಟೈಲ್ ಮಾಡಿಸಿ ಹಂಚಿದ್ದರು: ಚಾಸಿಯೂ ಇಂಜಿನ್ನೂ ಎಪ್ಪತ್ತಕ್ಕಿಂತ ಹಿಂದಿನವಾಗಿರಬೇಕು, ಇಂಜಿನ್ ನಂಬರ್ ಆರ್‌ಸಿ ಪುಸ್ತಕಕ್ಕೆ ಹೊಂದಬೇಕು. ಹಿಂದಿನ ವರ್ಷ ಹೊನ್ನಾಳಿಯ ಹೊಳೆದಂಡೆಯಲ್ಲಿ ಯಾವನೋ ಹಳೇ ಮೈಯೊಳಗೆ ಹೊಸ ಇಂಜಿನ್ ಅಡಗಿಸಿ ಎಲ್ಲರನ್ನೂ ಸೋಲಿಸಿದ್ದ. ಅದಕ್ಕೇ ಈ ಬಿಗಿ. ಗಾಡಿ ಪರೀಕ್ಷಿಸಲು ಚಿಕ್ಕಹನುಮಂತಪ್ಪನವರನ್ನೇ ಒಪ್ಪಿಸಿದ್ದರು.

ನ್ಯಾಮತಿಯ ಮಹೇಶ್ವರಪ್ಪ ನನ್ನ ಹಳೆಯ ಗಿರಾಕಿ. “ಹುಟ್ಟಿನಿಂದ ಬಂದ ಇಂಜಿನ್ನೇ ಇರೋ ಜಾವಾ ಕೊಡಿಸ್ರಿ. ಓಟದಾಗೆ ನಾನೇ ಓಡಿಸ್ತೀನಿ, ಆಮೇಲೆ ನಾನೇ ಇಟ್ಕೊತೀನಿ” ಎಂದಿದ್ದ. ನಾನು ಆ ಗಾಡಿ ತೋರಿಸಿದೆ. ತೋರಿಸುವ ಮೊದಲು ಯೆಜ್ಡಿ ಇಂಜಿನ್ನಿನ ನಂಬರನ್ನು ತೇಯಿಸಿ, ಪುಸ್ತಕದಲ್ಲಿದ್ದ ಹಳೇ ನಂಬರನ್ನು ಅದರ ಮೇಲೆ ಹೊಡೆಸಿದೆ. ಮಸಿ, ಎಣ್ಣೆ, ಮಣ್ಣು ಬಳಿದು ಇಂಜಿನ್ನಿಗೆ ಹದಿನೈದು ವರ್ಷ ವಯಸ್ಸೂ ಏರಿಸಿದೆ. ಪರೀಕ್ಷೆಗೆ ಕೂತವರು ಯಾರು ಎಂದು ತಿಳಿದಾಗಲಂತೂ ನಿಶ್ಚಿಂತೆಯಾಯಿತು. ಇಂಜಿನ್ ಕೂರಿಸಿದವರೇ ಅವರು. ತಾವು ಮಾಡಿದ ಕೆಲಸವನ್ನು ತಾವೇ ಹೇಗೆ ಹಿಡಿದುಕೊಟ್ಟಾರು? ಅವರ ಶೆಡ್ಡಿನ ಅರ್ಧ ಕೆಲಸ ನನ್ನದು ಬೇರೆ.

ಓಟದ ದಿನ ಬೆಳಿಗ್ಗೆ ಒಂಬತ್ತಕ್ಕೆ ಸಾಲಿನಲ್ಲಿ ನಮ್ಮ ಗಾಡಿ ಐದನೆಯದು. ಚಿಕ್ಕಹನುಮಂತಪ್ಪನವರು ಕುಕ್ಕರಗಾಲಲ್ಲಿ ಕೂತರು. ನಂಬರಿನ ಮೇಲೆ ಹೆಬ್ಬೆರಳು ಒಮ್ಮೆ ಸವರಿದರು. ತಲೆ ಎತ್ತಿ ನನ್ನನ್ನು ನೋಡಿದರು; ಓರೆಗಣ್ಣಿನವರಾದ್ದರಿಂದ ನನ್ನನ್ನೇ ನೋಡಿದರೋ ಹಿಂದಿನ ಜಾಲಿಮರವನ್ನೋ ಎಂದು ಸಮಾಧಾನ ಮಾಡಿಕೊಂಡೆ. ಸ್ಕ್ರೂಡ್ರೈವರ್ ತೆಗೆದು ಡೈನಮೋ ಮುಚ್ಚಳ ಬಿಚ್ಚಿ ಒಳಗಿನದನ್ನು ಗಟ್ಟಿಯಾಗಿ ಓದಿದರು.

“ಎಂಬತ್ನಾಕು, ಜನವರಿ. ಜಗಳೂರು. ಜಾವಾ ಮೈಗೆ ಯೆಜ್ಡಿ ಇಂಜಿನ್ ಕೂರಿಸಿದೆ.” ಆಮೇಲೆ ಎದ್ದು ನಿಂತು, “ಈ ಗಾಡಿ ಓಡಂಗಿಲ್ರೀ. ಕೂರಿಸಿದೋನು ನಾನೇ” ಎಂದರು.

ನಾನು ಹತ್ತಿರ ಹೋಗಿ ಮೆಲ್ಲಗೆ, “ಹನುಮಂತಪ್ಪ, ನಿನ್ನ ಕೈಕೆಲಸ ಕಣಪ್ಪಾ ಇದು” ಎಂದೆ.

“ಅದಕ್ಕೇ ಗುರ್ತು ಸಿಕ್ತು.”

ಮಹೇಶ್ವರಪ್ಪ ಹೆಲ್ಮೆಟ್ ಕಳಚಿದ. “ಮರುಳಪ್ಪಾರೇ, ಹುಟ್ಟಿನಿಂದ ಬಂದ ಇಂಜಿನ್ನು ಅಂದಿದ್ರಲ್ರೀ?”

“ನಂಗೂ ಈಗ್ಲೇ ಗೊತ್ತಾಗ್ತಿರೋದು, ಮಹೇಶ್ವರಪ್ಪಾ” ಎಂದುಬಿಟ್ಟೆ.

ಚಿಕ್ಕಹನುಮಂತಪ್ಪನವರು ಮುಚ್ಚಳದ ಸ್ಕ್ರೂಗಳನ್ನು ಜೇಬಿಗೆ ಹಾಕಿಕೊಂಡು, “ಹುಟ್ಟಿದ ಇಂಜಿನ್ ಬಿಳಿಚೋಡಿನಾಗೆ ಐತೆ. ಜೋಳದ ಸುಗ್ಗಿ ಮುಗಿದು ಸುಮ್ನೆ ಕೂತೈತೆ. ಓಟ ನಾಕಕ್ಕೆ. ತಂದ್ರೆ ಕೂರಿಸಿಕೊಡ್ತೀನಿ” ಎಂದರು.

ನಾನು ಟೆಂಪೋ ಹತ್ತಿದೆ. ಆ ಹೊತ್ತಿನಲ್ಲಿ ತಲೆಯ ತುಂಬ ನಾಲ್ಕು ಗಂಟೆಯ ಓಟವೇ. ಇಡೀ ಜೀವನ ನಂಬರು ನೋಡಿ ಮಾಲು ಕೊಂಡವನಿಗೆ ಒಂದು ಸಣ್ಣ ಸಂಗತಿ ಹೊಳೆಯಲೇ ಇಲ್ಲ.

ಬಿಳಿಚೋಡಿನಲ್ಲಿ ದುರುಗಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಳು. “ಮೈ ಒಯ್ದ್ರಿ. ಈಗ ಜೀವನೂ ಬೇಕಾ?”

“ಸಂಜಿ ತನಕ ಅಷ್ಟೇ ಅಕ್ಕಾ. ನಾನೇ ತಂದು ಕಟ್ಟಿಸಿಕೊಡ್ತೀನಿ.”

“ನಿಮ್ಮ ಸಂಜಿ ಯಾವಾಗ ಆಗ್ತೈತೋ ನಂಗೇನು ಗೊತ್ತು? ನಾನೂ ಬರ್ತೀನಿ.” ರೊಟ್ಟಿ ಗಂಟು ಕಟ್ಟಿಕೊಂಡು ಇಂಜಿನ್ನಿನ ಪಕ್ಕದಲ್ಲೇ ಕೂತಳು. ದಾರಿಯುದ್ದಕ್ಕೂ ಒಂದು ಕೈ ಅದರ ಮೇಲೆಯೇ ಇತ್ತು.

ಕೆರೆಯಂಗಳದಲ್ಲಿ ಯೆಜ್ಡಿ ಇಂಜಿನ್ನನ್ನು ಆಗಲೇ ಇಳಿಸಿ ಗೋಣಿಚೀಲದ ಮೇಲೆ ಇಟ್ಟಿದ್ದರು. ದುರುಗಕ್ಕನ ಇಂಜಿನ್ನನ್ನು ಅದರ ಪಕ್ಕದಲ್ಲೇ ಇಟ್ಟೆವು. ಚಿಕ್ಕಹನುಮಂತಪ್ಪನವರು ಹೊನ್ನಾಳಿಯ ಕೊಟ್ರಬಸಪ್ಪನನ್ನು ಕರೆದರು. ಅದೇ ಓಟದಲ್ಲಿ ತನ್ನ ಬುಲೆಟ್ ಓಡಿಸುವವನು ಅವನು, ನಮ್ಮ ಎದುರಾಳಿ. “ನಾನು ಕಟ್ಟೋ ಗಾಡಿಗೆ ನಾನೇ ಪಾಸ್ ಕೊಡಾಕೆ ಬರಂಗಿಲ್ಲ. ನೀವು ನೋಡ್ರಿ” ಎಂದರು.

ಕೊಟ್ರಬಸಪ್ಪ ಆರ್‌ಸಿ ಪುಸ್ತಕ ಹಿಡಿದು ಬಗ್ಗಿದ. ದುರುಗಕ್ಕನ ಇಂಜಿನ್ನಿನ ಮೇಲಿನ ಜೋಳದ ಹೊಟ್ಟು ಊದಿ ನಂಬರ್ ಓದಿದ. ಸರಿಯಾಗಿತ್ತು. ಪಕ್ಕದ್ದರ ನಂಬರನ್ನೂ ಓದಿದ. ಅದೂ ಸರಿಯಾಗಿತ್ತು.

“ಇದೇನ್ರೀ, ಅವಳಿ ಜವಳಿ ಹುಟ್ಟ್ಯಾವಾ?” ಎಂದ.

ಜನ ಸುತ್ತ ನೆರೆಯಿತು.

ಕೊಟ್ರಬಸಪ್ಪ ಚಿಕ್ಕಹನುಮಂತಪ್ಪನವರ ಕಡೆ ತಿರುಗಿದ. “ಕೂರಿಸಿದೋನು ನಾನೇ ಅಂತ ಬೆಳಿಗ್ಗೆ ಎಲ್ರ ಮುಂದೆ ಅಂದ್ಯಲ್ಲಪ್ಪಾ. ನಂಬರ್ ಹೊಡೆದೋನೂ ನೀನೇನಾ?”

“ಕೂರಿಸಿದ್ದು ನಾನು. ನಂಬರ್ ನಾನು ಹೊಡೆದಿಲ್ಲ.”

“ಮತ್ಯಾರು?”

ಅವರು ಸ್ಪ್ಯಾನರನ್ನು ಅಂಗಿಗೆ ಒರೆಸುತ್ತ ನಿಂತರು. “ಕೆಲ್ಸ ಎಲ್ಲಾ ಇವನದೇ, ನಂಬರ್ ಮಾತ್ರ ಮ್ಯಾಲಿಂದ ಬಿತ್ತಂತೆ” ಎಂದು ಯಾರೋ ನಕ್ಕರು. ಇನ್ಯಾರೋ ಪೊಲೀಸಿನ ಮಾತೆತ್ತಿದರು. ಒಂದು ಬೆರಳು ನನ್ನ ಕಡೆ ತೋರಿಸಿದ್ದರೆ ಅವರ ಪಾಲಿಗೆ ಎಲ್ಲ ಮುಗಿಯುತ್ತಿತ್ತು. ತೋರಿಸಲಿಲ್ಲ. ಪಂಪ್‌ಸೆಟ್ಟಿನಿಂದ ಟ್ರ್ಯಾಕ್ಟರ್ ತನಕ ಆ ಸೀಮೆಯ ಜನ ಕಣ್ಣುಮುಚ್ಚಿ ತಂದು ಬಿಡುತ್ತಿದ್ದದ್ದು ಆ ಮನುಷ್ಯನ ಶೆಡ್ಡಿಗೆ. ಆ ನಂಬಿಕೆ ಅರ್ಧ ನಿಮಿಷದಲ್ಲಿ ಸೋರಿಹೋಗುವುದನ್ನು ನಾನು ಎದುರಿಗೇ ನಿಂತು ನೋಡುತ್ತಿದ್ದೆ.

ಅಷ್ಟರಲ್ಲಿ ದುರುಗಕ್ಕ ರೊಟ್ಟಿ ಗಂಟು ಕೆಳಗಿಟ್ಟು, “ಲೇ ತಮ್ಮಾ, ನನ್ನ ಇಂಜಿನ್ನಿನ ಮುಚ್ಚಳ ತೆಗೆದು ನೋಡು. ಅವನು ಎಂಥವನು ಅಂತ ಅದ್ರಾಗೆ ಐತೆ” ಎಂದಳು.

ಕೊಟ್ರಬಸಪ್ಪ ತೆಗೆದ. ಕಣ್ಣು ಕಿರಿದು ಮಾಡಿ ಓದಿದ: “ಎಪ್ಪತ್ತೊಂಬತ್ತು. ಬಿಳಿಚೋಡು. ಫ್ಯಾನಿಗೆ ಕಟ್ಟಿದೆ. ಬುಷ್ ಸಡಿಲ ಕೂತಿದೆ. ತಪ್ಪು ನನ್ನದು.”

ಯಾರೂ ನಗಲಿಲ್ಲ. ನನ್ನ ಅಂಗಡಿಯಲ್ಲಿ ಇದನ್ನೇ ಹೇಳಿ ಹತ್ತು ಜನರನ್ನು ನಗಿಸಿದ್ದೆ. ಈಗ ನನಗೆ ಬೇರೆ ದಾರಿ ಉಳಿಯಲಿಲ್ಲ, ಹುಡುಕುವ ಮನಸ್ಸೂ ಆಗಲಿಲ್ಲ.

“ನಂಬರ್ ಹೊಡೆಸಿದ್ದು ನಾನು. ಹನುಮಂತಪ್ಪನವರಿಗೆ ಗೊತ್ತಿರಲಿಲ್ಲ” ಎಂದೆ. ಆ ‘ಅವರು’ ಅಂದೇ ಮೊದಲ ಸಲ ನನ್ನ ಬಾಯಿಗೆ ಬಂದದ್ದು.

ಮಹೇಶ್ವರಪ್ಪ ನನ್ನ ಕಡೆ ತಿರುಗಿದ. “ಬೆಳಿಗ್ಗೆ ಈಗ್ಲೇ ಗೊತ್ತಾಯ್ತು ಅಂದ್ರಿ.”

“ಅದೂ ಸುಳ್ಳೇ.”

“ಆತು ಬಿಡ್ರಿ. ಒಂದೇ ದಿನ ಎರಡು ಸುಳ್ಳು ಒಪ್ಪಿಕೊಂಡ ವ್ಯಾಪಾರಸ್ಥನ್ನ ನಾನಂತೂ ನೋಡಿಲ್ಲ” ಎಂದು ಹೆಲ್ಮೆಟ್ ಹಾಕಿಕೊಂಡ.

ಕೊಟ್ರಬಸಪ್ಪ ಹಳೇ ಇಂಜಿನ್ನಿಗೆ ಪಾಸ್ ಬರೆದ. ಮೂರೂವರೆಯ ಹೊತ್ತಿಗೆ ಅದು ತನ್ನ ಮೈಯೊಳಗೆ ಕೂತಿತ್ತು. ಸಡಿಲವಾಗಿದ್ದ ಆ ಬುಷ್ ಎಂಬ ಲೋಹದ ಬಳೆಯನ್ನೂ ಅವರು ಬದಲಿಸಿದ್ದರು. ಒದ್ದು ಸ್ಟಾರ್ಟ್ ಮಾಡಿದಾಗ ಇಂಜಿನ್ನಿನ ಸಂದುಗಳಲ್ಲಿ ಐದು ಸುಗ್ಗಿಯಿಂದ ಕೂತಿದ್ದ ಹೊಟ್ಟೆಲ್ಲ ಎದ್ದು ಮಹೇಶ್ವರಪ್ಪನ ಮುಖಕ್ಕೆ ಬಡಿಯಿತು. ಒಂಬತ್ತು ಗಾಡಿಗಳಲ್ಲಿ ನಮ್ಮದು ನಾಲ್ಕನೆಯದಾಗಿ ಬಂತು, ಕೊಟ್ರಬಸಪ್ಪನ ಬುಲೆಟ್ಟಿಗಿಂತ ಒಂದು ಮಾರು ಮುಂದೆ. ಬಹುಮಾನ ಮೂವರಿಗೆ ಮಾತ್ರ. ದುರುಗಕ್ಕ ಮಾತ್ರ ಕುಣಿದಾಡಿದಳು: “ಕಣದಾಗೆ ನಿಂತಲ್ಲೇ ತಿರುಗ್ತಿತ್ತು. ಹಿಂಗೆ ಓಡಾಕೂ ಬರ್ತೈತೆ ಅಂತ ಯಾರಿಗೆ ಗೊತ್ತಿತ್ತು?” ಹೊತ್ತು ಮುಳುಗುವ ಮೊದಲೇ ಇಂಜಿನ್ ಇಳಿಸಿಕೊಂಡು ಊರಿಗೆ ಹೊರಟಳು.

ಎಲ್ಲರೂ ಹೋದ ಮೇಲೆ ನಾನು ಚಿಕ್ಕಹನುಮಂತಪ್ಪನವರನ್ನು ಕೇಳಿದೆ: “ಬೆಳಿಗ್ಗೇನೇ ನಿಮ್ಮ ಹೆಬ್ಬೆರಳಿಗೆ ಗೊತ್ತಾಗಿತ್ತು, ಅಲ್ವಾ?”

“ಹೊಸ ಹೊಡೆತ ಚುಚ್ಚತೈತಲ್ರೀ.”

“ಮತ್ತೆ ಯಾಕೆ ಹೇಳಲಿಲ್ಲ?”

“ಮಾಡಿದೋರು ಇಲ್ಲೇ ಇದ್ರಲ್ಲ.”

“ನಾನು ಬಾಯಿ ಬಿಡದೇ ಇದ್ದಿದ್ರೆ?”

ಅವರು ಸ್ಪ್ಯಾನರುಗಳನ್ನು ಎಣಿಸಿ ಜೇಬಿಗೆ ಹಾಕಿಕೊಂಡರು. “ಹಳೇ ಇಂಜಿನ್ ನಾನು ಬಿಗೀತಿರ್ಲಿಲ್ಲ” ಎಂದರು. ಅಷ್ಟೇ.

ಆ ಜಾವಾವನ್ನು ಮಹೇಶ್ವರಪ್ಪ ಕೊಳ್ಳಲಿಲ್ಲ. ಹೊಡೆಸಿದ ನಂಬರನ್ನು ತೇಯಿಸಿ, ಗಾಡಿಯನ್ನು ಬಿಚ್ಚಿ ಬಿಡಿಭಾಗವಾಗಿ ಮಾರಿದೆ. ಒಂದು ವರ್ಷ ನ್ಯಾಮತಿ ಕಡೆಯ ಗಿರಾಕಿ ನನ್ನ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಆಮೇಲೆ ಮಹೇಶ್ವರಪ್ಪನೇ ಬಂದ. ಒಂದು ರಾಜದೂತಿನ ಸುತ್ತ ಎರಡು ಸಲ ತಿರುಗಿ, “ಹನುಮಂತಪ್ಪಾರು ಒಳಗೆ ಬರ್ದಾರಾ?” ಎಂದು ಕೇಳಿದ. ಮುಚ್ಚಳ ಬಿಚ್ಚಿ ತೋರಿಸಿದೆ. ಓದಿಕೊಂಡು, ಚೌಕಾಸಿಯನ್ನೂ ಮಾಡದೆ ಗಾಡಿ ಹತ್ತಿದ. ಚೌಕಾಸಿ ಇಲ್ಲದ ವ್ಯಾಪಾರ ನನಗೆ ರುಚಿಸುವುದಿಲ್ಲ, ಆದರೂ ಹಣ ಎಣಿಸಿಕೊಂಡೆ.

ಈಗ ನನ್ನ ಅಂಗಡಿಯಿಂದ ಹೋಗುವ ಪ್ರತಿ ಗಾಡಿಯೂ ಮೊದಲು ಜಗಳೂರಿನ ಆ ಶೆಡ್ಡಿಗೆ ಹೋಗಿ ಬರುತ್ತದೆ. ಅವರು ಬರೆದದ್ದರಿಂದ ಎಷ್ಟೋ ಸಲ ನನ್ನ ಬೆಲೆ ಇಳಿದಿದೆ. ‘ಗೇರು ಸವೆದಿದೆ, ಸಾವ್ಕಾರ್ರಿಗೆ ಹೇಳಿದೆ’ ಎಂದು ಕೆರೆದ ಒಂದು ಗಾಡಿಯಂತೂ ಆರು ತಿಂಗಳು ನಿಂತಿತ್ತು. ಆದರೆ ಈ ಸುತ್ತಿನ ತಾಲ್ಲೂಕುಗಳಲ್ಲಿ ಮರುಳಪ್ಪನ ಅಂಗಡಿಯ ಗಾಡಿ ಎಂದರೆ ಜನ ನಂಬಿ ಕೊಳ್ಳುತ್ತಾರೆ. ಆ ನಂಬಿಕೆ ನಾನು ಗಳಿಸಿದ್ದಲ್ಲ, ಚಿಕ್ಕಹನುಮಂತಪ್ಪನವರು ನನಗೆ ಕೊಟ್ಟದ್ದು.