ಸ್ಪ್ರಿಂಗಿನ ಸೀಟು

ನಿಜಾಮನ ಆಳ್ವಿಕೆ ಕೊನೆಗಾಣಿಸಿದ ಪೊಲೀಸ್ ಆಕ್ಷನ್ ಆದ ಮರುವರ್ಷ ನಾನು ಔರಾದಿನಲ್ಲಿ ಶಾಲಾ ಮಾಸ್ತರನಾದೆ. ವಾರಕ್ಕೊಮ್ಮೆ ಭಾಲ್ಕಿಯ ಮನೆಗೆ ಬರಲೆಂದು ಬೀದರದಲ್ಲಿ ಹಳೆಯ ಸೈಕಲ್ಲೊಂದನ್ನು ಕೊಂಡೆ. ಅದರ ತೊಗಲಿನ ಸೀಟಿನ ಕೆಳಗೆ ಎರಡು ದಪ್ಪ ಸ್ಪ್ರಿಂಗುಗಳಿದ್ದವು. ಧೋತರ ಉಟ್ಟು, ನೆಟ್ಟಗೆ ಕೂತು, ಸಾವಕಾಶವಾಗಿ ತುಳಿಯುವವನು ನಾನು; ದಾರಿಯ ಕಲ್ಲುಗಳನ್ನೆಲ್ಲ ಸ್ಪ್ರಿಂಗುಗಳೇ ನುಂಗುತ್ತಿದ್ದವು.

ನನ್ನ ತಮ್ಮನದು ಬೇರೆಯೇ ರೀತಿ. ನಾನು ಮನೆಗೆ ಬಂದಾಗಲೆಲ್ಲ ಅದೇ ಸೈಕಲ್ಲನ್ನು ಹ್ಯಾಂಡಲ್ ಮೇಲೆ ಬಾಗಿ, ಯಾರೋ ಬೆನ್ನಟ್ಟಿದಂತೆ ಓಡಿಸುತ್ತಿದ್ದ.

"ಅಣ್ಣಾ, ಕಾಲಿನ ಜೋರೆಲ್ಲಾ ಈ ಸ್ಪ್ರಿಂಗೇ ತಿಂತದ. ತೊಗಲಂತೂ ಹಲಗಿ ಆಗ್ಯಾದ," ಎಂದು ಗೊಣಗಿದ.

ಗೊಣಗಿ ಸುಮ್ಮನಿದ್ದರೆ ಚೆನ್ನಾಗಿತ್ತು. ಮಳೆಗಾಲಕ್ಕೆ ಮುಂಚೆ ಚಪ್ಪಲಿಗಳಿಗೆ ಕುಸುಬಿ ಎಣ್ಣೆ ಕುಡಿಸುವುದು ನಮ್ಮ ಮನೆಯ ರೂಢಿ. ಅವನು ಸೀಟಿಗೂ ಕುಡಿಸಿದ. ಸೋಮವಾರ ನಾನು ಔರಾದ ಮುಟ್ಟುವಷ್ಟರಲ್ಲಿ ಸೀಟು ಜೋಳಿಗೆಯಂತೆ ಜೋತುಬಿದ್ದಿತ್ತು. ಧೋತರದ ಹಿಂದಿನ ಎಣ್ಣೆ ಕಲೆ ನೋಡಿ ತರಗತಿಯೆಲ್ಲ ನಕ್ಕಿತು.

ಭಾಲ್ಕಿಯ ಸೈಕಲ್ ಮಿಸ್ತ್ರಿ ಸೀಟಿನ ಮುಂತುದಿಯ ಕೆಳಗಿದ್ದ ನಟ್ಟು ತಿರುವಿ ತೊಗಲನ್ನು ಬಿಗಿ ಮಾಡಿದ. "ಮಾಸ್ತರ್ ಸಾಬ್, ಕುಂತು ಹೋಗೋರಿಗಿ ಸ್ಪ್ರಿಂಗ್ ಬೇಕ್ರಿ. ಓಡಿಸ್ಕೊಂಡು ಹೋಗೋರಿಗಿ ಬ್ಯಾಡ್ರಿ," ಎಂದ. ಆ ಮಾತು ಕೇಳಿ ನನ್ನ ತಮ್ಮ ಸ್ಪ್ರಿಂಗಿಲ್ಲದ ಸೀಟಿನ ಸೈಕಲ್ ಕೊಂಡು, ಅದರ ಮೇಲೆ ಊರೆಲ್ಲ ಹಾರಾಡಿದ.

ಮುಂದೆ ಅವನ ಮದುವೆಯಾಯಿತು. ಹೆಂಡತಿಯನ್ನು ಮೊದಲ ಸಲ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಅವಳ ತವರು ಮೆಹಕರಕ್ಕೆ ಹೊರಡುವ ಬೆಳಿಗ್ಗೆ ನನ್ನ ಬಳಿ ಬಂದ.

"ಅಣ್ಣಾ, ಇವತ್ತೊಂದಿನ ನಿನ್ನ ಸೈಕಲ್ ಕೊಡು."

"ಯಾಕೋ? ಅದರ ಮ್ಯಾಲ ಜಲ್ದಿ ಹೋಗಾಕ ಆಗಲ್ಲ ಅಂತಿದ್ದಿ?"

ಅವನು ನಾಚಿ ನೆಲ ನೋಡಿದ.

"ಇವತ್ತು ಜಲ್ದಿ ಮುಟ್ಟೋದು ಬ್ಯಾಡ."